ಕೆಲವು ಭಾಗಗಳಲ್ಲಿ ಸೇವೆ ಲಭ್ಯವಿರುವುದಿಲ್ಲ

ಪ್ರೇಮ್‌ಕುಮಾರನಿಗೆ ಸಿಟ್ಟು ಬಂದರೆ ಮೊದಲು ಏಳುವುದು ಕೈ, ಆಮೇಲೆ ಬಾಯಿ. ಬುದ್ಧಿ ಏಳುವ ಹೊತ್ತಿಗೆ ಎದುರಿಗಿದ್ದವನು ಆಸ್ಪತ್ರೆ ಸೇರಿರುತ್ತಾನೆ. ಕೆ.ಆರ್. ಪುರದಿಂದ ಬಾಣಸವಾಡಿಯವರೆಗೆ ಇದು ಗೊತ್ತಿಲ್ಲದವರಿಲ್ಲ. ಅವನ ಅಪ್ಪ ದೊಡ್ಡಮುನಿಯಪ್ಪ ಒಂದು ಕಾಲದಲ್ಲಿ ರಾಗಿ, ಕೊತ್ತಂಬರಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟುಗಳು ನಿಂತಿವೆ. ಆ ಅಪಾರ್ಟ್‌ಮೆಂಟುಗಳಿಗೆ ಮಗನ ಟ್ಯಾಂಕರುಗಳು ನೀರು ಹಾಕುತ್ತವೆ. ಬೋರ್ಡಿನ ಮೇಲೆ ಬರೆಸಿದ ವ್ಯಾಪಾರ ಅಷ್ಟೇ. ಬರೆಸದ ವ್ಯಾಪಾರ ಇನ್ನೊಂದಿತ್ತು. ಖಾಲಿ ಮಾಡದ ಬಾಡಿಗೆದಾರನನ್ನು ಖಾಲಿ ಮಾಡಿಸುವುದು, ಬೇಡದ ಕಡೆ ಎದ್ದ ಕಾಂಪೌಂಡು ಕೆಡವಿಸುವುದು, ಜಾಸ್ತಿ ಮಾತಾಡಿದವನ ಮೊಣಕಾಲಿಗೆ ರಾಡು ಬೀಸಿಸುವುದು. ಇಷ್ಟಕ್ಕೂ ಸೇರಿ ಅವನಿಟ್ಟ ಹೆಸರು ‘ಸೆಟ್ಲ್‌ಮೆಂಟ್’. ಎಂಥ ಮರ್ಯಾದಸ್ಥ ಹೆಸರು ನೋಡಿ!

ಈ ವ್ಯಾಪಾರಕ್ಕೆ ಅವನದೇ ಒಂದು ಕಟ್ಟಳೆ ಇತ್ತು. ಹಿಂದೊಮ್ಮೆ ಫೋನ್ ಕರೆಗಳ ಜಾಡು ಹಿಡಿದು ಪೊಲೀಸರು ಅವನನ್ನು ಕೋರ್ಟಿನ ತನಕ ಎಳೆದಿದ್ದರು. ಅಂದಿನಿಂದ ಕೆಲಸ ಒಪ್ಪಿಸುವುದು ಒಂದೇ ಸಲ. ಒಪ್ಪಿಕೊಂಡವರು ತಮ್ಮ ಫೋನುಗಳನ್ನೆಲ್ಲ ಮನೆಯಲ್ಲಿಟ್ಟು, ಅವನೊಬ್ಬನಿಗೇ ನಂಬರು ಗೊತ್ತಿರುವ ಹೊಸ ಸಿಮ್ಮಿನ ಒಂದೇ ಒಂದು ಫೋನು ಹಿಡಿದು ಹೋಗಬೇಕು.

“ಹೇಳಿದ್ ಮೇಲೆ ನಂಗೆ ಫೋನ್ ಮಾಡ್ಬೇಡ್ರಿ,” ಎಂದು ಅವನು ತನ್ನ ಬಲಗೈಯಂತಿದ್ದ ಟ್ಯಾಂಕರ್ ಡ್ರೈವರ್ ಲೋಕಿಗೆ ಹೇಳಿಟ್ಟಿದ್ದ. “ಬೇಡ ಅಂತ ನಾನಾಗೇ ಮೆಸೇಜ್ ಹಾಕಿದ್ರೆ ವಾಪಸ್ ಬನ್ನಿ. ನಾನು ಸುಮ್ನಿದ್ರೆ ನೀವು ಸುಮ್ನಿರ್ಬೇಡಿ.”

ಲೋಕಿ ಈ ಮಾತನ್ನು ದೇವರ ಮಾತಿನಂತೆ ಪಾಲಿಸುತ್ತಿದ್ದ.

ಪ್ರೇಮ್‌ಕುಮಾರ ಗೆಳೆಯರ ಜೊತೆ ದುಬೈಗೆ ಹೋಗಿದ್ದಾಗ ಮನೆಯಿಂದ ಫೋನು ಬಂತು. ಅವನ ತಂಗಿ ಹಂಸಳ ತಲೆ ಒಡೆದಿದೆ, ಹಲಸೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ್ದಾರೆ, ಇನ್ನೂ ಸರಿಯಾಗಿ ಎಚ್ಚರವಿಲ್ಲ. ಅಮ್ಮ ಆಂಜನಮ್ಮ ಅಷ್ಟು ಹೇಳಿ ಅಳುತ್ತ ನಿಂತಳು. ಯಾರು ಹೊಡೆದರು ಎಂದರೆ ಇನ್ನೂ ಜೋರಾಗಿ ಅತ್ತಳು. ಅವನು ಕಿರುಚಿದ ಮೇಲೆ ಫೋನು ಇನ್ನೊಬ್ಬರ ಕೈಗೆ ಹೋಯಿತು.

“ನಾನೇ ಕಣೋ ಪ್ರೇಮಾ,” ಎಂದಿತು ಒಂದು ಮೆಲ್ಲನೆಯ ದನಿ. “ಏನೋ ಮಾತಿಗೆ ಮಾತು ಬೆಳೀತು. ಕೋಪದಲ್ಲಿ ಕೈ ಎತ್ಬಿಟ್ಟೆ. ನೀನು ಬಾ, ಕೂತು ಮಾತಾಡಾಣ.”

ಆ ದನಿ ಪಿಳ್ಳಪ್ಪನದು. ಆಂಜನಮ್ಮನ ಕೊನೆಯ ತಮ್ಮ, ಹಂಸಳ ಗಂಡ. ಆ ಕಡೆಯ ಹಳೆಯ ಮನೆಗಳಲ್ಲಿ ಸೋದರಮಾವನಿಗೇ ಹೆಣ್ಣು ಕೊಡುವುದು ನಡೆದುಬಂದದ್ದು. ಹಾಗಾಗಿ ಪಿಳ್ಳಪ್ಪ ಪ್ರೇಮ್‌ಕುಮಾರನಿಗೆ ಭಾವನೂ ಹೌದು, ಮಾವನೂ ಹೌದು. ಸೈಕಲ್ಲಿನ ಸೀಟು ಹಿಡಿದು ಹಿಂದೆ ಓಡಿ ಅವನಿಗೆ ಸವಾರಿ ಕಲಿಸಿದ ಮಾವ. ಬಾಣಸವಾಡಿಯಲ್ಲಿ ಈಗಲೂ ಎರಡು ಹಸು ಕಟ್ಟಿಕೊಂಡು, ರೈಲು ಹಳಿಯ ಪಕ್ಕದಲ್ಲಿ ಹುಲ್ಲು ಕೊಯ್ದು ತಂದು, ನಾಲ್ಕು ಮನೆಗೆ ಹಾಲು ಹಾಕುವ ಮಾವ. ಇರುವೆ ತುಳಿದರೂ ಕಾಲು ಹಿಂದಕ್ಕೆ ತೆಗೆಯುವ ಮನುಷ್ಯ ಎಂದು ನಗುತ್ತಿದ್ದರು ಎಲ್ಲರೂ. ಅಂಥವನು ಹಂಸಳ ತಲೆ ಒಡೆದನೇ ಎಂದು ಪ್ರೇಮ್‌ಕುಮಾರ ಒಂದು ಗಳಿಗೆ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಯೋಚಿಸಲಿಲ್ಲ. ಹೋಟೆಲಿನ ಗೋಡೆಗೆ ಗಾಜಿನ ಲೋಟ ಒಗೆದು ಚೂರು ಮಾಡಿ, ಲೋಕಿಗೆ ಫೋನ್ ಹಚ್ಚಿದ.

“ಮಾವ ನಾಳೆ ಸಂಜೆ ಹುಲ್ಲಿಗೆ ಹೋಗ್ತಾನೆ. ಹೊಡೆದ ಕೈ ಮತ್ತೆ ಮೇಲೇಳಬಾರದು.”

“ಅಣ್ಣ... ಪಿಳ್ಳಪ್ಪ ಮಾವಾನಾ?”

“ಕಿವಿ ಕೇಳಲ್ವಾ?”

“ಆಯ್ತಣ್ಣ.”

ಮರುದಿನವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಆ ಹೊತ್ತಿಗೆ ಅವನು ವಿಮಾನದಲ್ಲಿರುತ್ತಾನೆ. ಬಾಣಸವಾಡಿಯಲ್ಲಿ ಏಟು ಬೀಳುವಾಗ ಆಕಾಶದಲ್ಲಿದ್ದವನನ್ನು ಯಾವ ಪೊಲೀಸು ಏನು ಕೇಳುತ್ತಾನೆ? ಹಾಗಂತ ಕೈ ಕಟ್ಟಿ ಕೂತಿರಬೇಕಾಗಿಯೂ ಇಲ್ಲ. ‘ನೆಲದಲ್ಲಿದ್ದಂತೆ ಮುಗಿಲಲ್ಲೂ ಇಂಟರ್ನೆಟ್’ ಎಂದು ಆ ವಿಮಾನ ಕಂಪನಿಯವರು ಇಂದಿರಾನಗರದ ಮೆಟ್ರೋ ಕಂಬಗಳ ಮೇಲೆಲ್ಲ ಹಾಕಿಕೊಂಡಿದ್ದರು. ದುಬೈನಲ್ಲಿ ವಿಮಾನ ಹತ್ತಿ ಕೂತವನೇ ಅದರಲ್ಲಿ ಎಲ್ಲಕ್ಕಿಂತ ದುಬಾರಿ ಪ್ಲಾನ್ ತೆಗೆದುಕೊಂಡ. ಏನೇನೋ ಸಣ್ಣ ಅಕ್ಷರಗಳು ತೆರೆಯ ಮೇಲೆ ಬಂದವು. ಓದದೆ ಒಪ್ಪಿಗೆ ಎಂದು ಒತ್ತಿದ. ಎಲ್ಲರೂ ಒತ್ತುವುದು ಹಾಗೆಯೇ, ಅದರಲ್ಲಿ ಅವನೊಬ್ಬನದೇ ತಪ್ಪೇನಿಲ್ಲ.

ಕಿಟಕಿಯ ಕೆಳಗೆ ಮರಳುಗಾಡು ಮುಗಿದು ನೀಲಿ ಕಾಣಿಸತೊಡಗಿದಾಗ ಹಂಸಳ ಮೆಸೇಜು ಬಂತು.

“ಅಣ್ಣ, ಇವತ್ತು ನಂಗೆ ಪೂರ್ತಿ ಎಚ್ಚರ ಆಯ್ತು. ಮಾವ ನನ್ನ ಮುಟ್ಟೂ ಇಲ್ಲ. ಉಳಿದಿರೋ ಜಮೀನಲ್ಲಿ ನಿನ್ ಪಾಲು ಬಿಟ್ಕೊಟ್ಟು ಸೈನ್ ಹಾಕು ಅಂದ್ರು ಅಪ್ಪ, ಹಾಕಲ್ಲ ಅಂದೆ. ತಾಮ್ರದ ಚೊಂಬು ತೆಗ್ದು ತಲೆಗೆ ಎಸೆದ್ರು. ನಿಂಗೆ ಗೊತ್ತಾದ್ರೆ ಅಪ್ಪನ್ನ ಉಳಿಸಲ್ಲ ನೀನು ಅಂತ ಅಮ್ಮ ಅತ್ಳಂತೆ. ನನ್ ಹೆಸರು ಹೇಳು ಅಕ್ಕ, ಪ್ರೇಮ ನಂಗೇನೂ ಮಾಡಲ್ಲ ಅಂತ ಮಾವ ಅಂದ್ರಂತೆ. ನೀನು ದುಡುಕ್ಬೇಡ ಅಣ್ಣ.”

ಪ್ರೇಮ್‌ಕುಮಾರ ಅದನ್ನು ಓದಿದ. ಮತ್ತೆ ಓದಿದ. ಪ್ರೇಮ ನಂಗೇನೂ ಮಾಡಲ್ಲ. ಮಾವ ತಿಳಿದುಕೊಂಡಿದ್ದು ಅದನ್ನು. ಜಗತ್ತಿನಲ್ಲಿ ಈ ಹುಡುಗ ಯಾರ ಮೇಲೆ ಬೇಕಾದರೂ ಕೈ ಎತ್ತಿಯಾನು, ತನ್ನ ಮೇಲೆ ಎತ್ತಲಾರ ಎಂದು.

ಅವನು ಲೋಕಿಯ ಹೊಸ ಸಿಮ್ಮಿಗೆ ‘ಬೇಡ’ ಎಂದು ಒತ್ತಿದ. ಮೆಸೇಜಿನ ಪಕ್ಕದಲ್ಲಿ ಚಿಕ್ಕ ಗಡಿಯಾರದ ಗುರುತು ಬಂದು ಕೂತಿತು. ಹೋಗಲಿಲ್ಲ. ‘ಬೇಡ ಲೋಕಿ’ ಎಂದು ಒತ್ತಿದ. ಅದೂ ಹೋಗಲಿಲ್ಲ. ಫೋನು ಆರಿಸಿ ಹೊತ್ತಿಸಿದ, ಕಿಟಕಿಗೆ ಹಿಡಿದ, ತಲೆಯ ಮೇಲೆತ್ತಿದ. ಅಷ್ಟರಲ್ಲಿ ವಿಮಾನದಲ್ಲಿ ಅಲ್ಲಲ್ಲಿ ಗೊಣಗಾಟ ಶುರುವಾಗಿತ್ತು. ಮುಂದಿನ ಸಾಲಿನವನು ನೋಡುತ್ತಿದ್ದ ಕ್ರಿಕೆಟ್ ನಿಂತುಹೋಗಿತ್ತು, ಪಕ್ಕದ ಹೆಂಗಸಿನ ಆಫೀಸು ಮೀಟಿಂಗು ಅರ್ಧಕ್ಕೆ ಹೋಗಿತ್ತು. ಪ್ರೇಮ್‌ಕುಮಾರ ತಲೆಯ ಮೇಲಿನ ಗುಂಡಿಯನ್ನು ಒಂದೇ ಸಮನೆ ಒತ್ತಿದ.

ಬಂದ ಗಗನಸಖಿಯ ಎದೆಯ ಮೇಲೆ ನಾಜಿಶ್ ಎಂದು ಹೆಸರಿತ್ತು. ಅವನು ಬಯ್ಯತೊಡಗಿದ್ದು ಕನ್ನಡದಲ್ಲಿ, ಅವಳು ಉತ್ತರ ಕೊಟ್ಟಿದ್ದೂ ಕನ್ನಡದಲ್ಲೇ.

“ನೀವು ನಮ್ಮ ಕಡೆಯೋರೇನಾ ಸರ್? ನಮ್ದು ಫ್ರೇಜರ್ ಟೌನು. ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ಸಮುದ್ರದ ಮೇಲೆ ಇದು ಬರಲ್ಲ.”

“ಬರಲ್ಲ ಅಂದ್ರೆ? ಯಾವಾಗ ಬರತ್ತೆ?”

“ಇನ್ನು ಬೆಂಗಳೂರಲ್ಲಿ ಇಳಿದ್ ಮೇಲೇ ಸರ್. ಸಮುದ್ರ ದಾಟಿದ್ರೂ ಈ ವಿಮಾನಕ್ಕೆ ಅಲ್ಲಿ ಕನೆಕ್ಷನ್ ಇಲ್ಲ.”

“ದುಡ್ಡು ತಗೊಂಡ್ರಲ್ರೀ! ಹೇಳ್ಬೇಕು ತಾನೇ ಮೊದ್ಲೇ?”

ನಾಜಿಶ್ ಸೀಟಿನ ಬೆನ್ನಿನ ಚೀಲದಿಂದ ಒಂದು ಕಾರ್ಡು ತೆಗೆದು ತೋರಿಸಿದಳು. ಕೊನೆಯ ಸಾಲು, ಸಾಸಿವೆಯಷ್ಟು ಅಕ್ಷರ. ಮಾರ್ಗದ ಕೆಲವು ಭಾಗಗಳಲ್ಲಿ ಸೇವೆ ಲಭ್ಯವಿರುವುದಿಲ್ಲ ಎಂದು ಇಂಗ್ಲಿಷಿನಲ್ಲಿತ್ತು.

“ಕೆಲವು ಭಾಗ ಅಂದ್ರೆ ಅರ್ಧಕ್ಕಿಂತ ಜಾಸ್ತಿ ದಾರಿ ಸರ್,” ಎಂದಳು ಅವಳು. “ದಿನಾ ಕಂಪ್ಲೇಂಟ್ ಬರ್ತಾವೆ. ಹೋದ ತಿಂಗಳು ಒಬ್ರು ನನ್ ಮೇಲೆ ಬಿಸಿ ಕಾಫಿ ಎರಚಿದ್ರು. ಹತ್ತೋವಾಗ್ಲೇ ಮೈಕಲ್ಲಿ ಹೇಳ್ಬಿಡ್ತೀವಿ ಅಂತ ನಾವೇ ಕೇಳ್ಕೊಂಡ್ವಿ. ಕಾರ್ಡಲ್ಲಿ ಐತಲ್ಲ, ಸಾಕು ಅಂದ್ರು ಮೇಲಿನೋರು. ನೀವೂ ಇಳಿದ್ ಮೇಲೆ ಕೊಡಿ ಸರ್. ಕೊಡ್ಲೇಬೇಕು.”

ಮೋಸ ಎನ್ನುವುದಕ್ಕೆ ಇದಕ್ಕಿಂತ ಬೇರೆ ಹೆಸರಿಲ್ಲ. ಕಂಬಕಂಬದ ಮೇಲೆ ಆಳೆತ್ತರದ ಅಕ್ಷರದಲ್ಲಿ ‘ಇದೆ’ ಎಂದು ಕೂಗುವುದು, ಕಾರ್ಡಿನ ಮೂಲೆಯಲ್ಲಿ ಪಿಸುದನಿಯಲ್ಲಿ ‘ಇಲ್ಲ’ ಎನ್ನುವುದು. ಪ್ರೇಮ್‌ಕುಮಾರನ ಸಿಟ್ಟಿನಲ್ಲಿ ಅಷ್ಟರಮಟ್ಟಿಗೆ ನ್ಯಾಯವಿತ್ತು. ಆದರೆ ಅವಳು ಹೋಗಲಿಲ್ಲ. ಅವನ ಮುಖದಲ್ಲಿ ಬೆವರು ಇಳಿಯುವುದನ್ನು ನೋಡಿ ಅವನ ಸೀಟಿನ ಪಕ್ಕ ಮೊಣಕಾಲೂರಿ ಕೂತಳು.

“ಸರ್, ಕ್ರಿಕೆಟ್ ನಿಂತಿದ್ದಕ್ಕೆ ಯಾರೂ ಹಿಂಗೆ ಬೆವರಲ್ಲ. ಯಾರ್ದಾದ್ರೂ ಜೀವದ ಪ್ರಶ್ನೆನಾ? ಹಂಗಿದ್ರೆ ಹೇಳಿ. ಕ್ಯಾಪ್ಟನ್‌ಗೆ ರೇಡಿಯೋ ಐತೆ. ಅವರು ಕೆಳಗೆ ತಿಳಿಸ್ತಾರೆ, ಕೆಳಗಿನೋರು ಪೊಲೀಸಿಗೆ ಹೇಳ್ತಾರೆ. ಯಾರಿಗೆ, ಎಲ್ಲಿ, ಏನಾಗತ್ತೆ, ಅಷ್ಟು ಹೇಳಿದ್ರೆ ಸಾಕು.”

ಅವನು ಬಾಯಿ ತೆರೆದ. ಬಾಣಸವಾಡಿ ಎನ್ನಬೇಕು, ಹಳಿಯ ಪಕ್ಕ ಎನ್ನಬೇಕು, ನಮ್ಮ ಮಾವ ಎನ್ನಬೇಕು. ಆ ಮಾತುಗಳೆಲ್ಲ ನಾಲಿಗೆಯ ಮೇಲೇ ಇದ್ದವು. ಆದರೆ ಪೊಲೀಸು ಎಂಬ ಮಾತು ಕಿವಿಗೆ ಬಿದ್ದಿತ್ತು. ಯಾರು ಹೊಡೆಯುತ್ತಾರೆ ಎಂದು ಕೇಳುತ್ತಾರೆ. ಯಾರು ಕಳಿಸಿದರು ಎಂದು ಕೇಳುತ್ತಾರೆ. ಹಳೆಯ ಕೋರ್ಟು, ಹಳೆಯ ಲಾಕಪ್ಪು, ಟ್ಯಾಂಕರುಗಳ ಮೇಲೆ ಕಣ್ಣಿಟ್ಟಿದ್ದ ಎದುರಾಳಿಗಳು, ಎಲ್ಲ ಒಟ್ಟಿಗೆ ನೆನಪಾದವು.

“ಅಂಥದ್ದೇನಿಲ್ಲ,” ಎಂದ. “ಬಿಸಿನೆಸ್. ಒಂದು ನಂಬರ್ ಕೊಡ್ತೀನಿ, ಬೇಡ ಅಂತ ಒಂದೇ ಮಾತು ಹೇಳಿಸು ಸಾಕು.”

“ಬಿಸಿನೆಸ್‌ಗೆಲ್ಲ ಕ್ಯಾಪ್ಟನ್‌ನ ಕೇಳಕ್ಕಾಗಲ್ಲ ಸರ್. ಏನು ಬೇಡ, ಯಾಕೆ ಬೇಡ?”

“ಹೇಳ್ದಷ್ಟು ಮಾಡೇ!”

ಅವಳು ಎದ್ದಳು. ಎದ್ದವಳ ಮಣಿಕಟ್ಟು ಅವನ ಮುಷ್ಟಿಯೊಳಗಿತ್ತು. ಬಿಡಿಸಿಕೊಳ್ಳಲು ಎಳೆದಳು, ಅವನು ತಿರುಚಿದ. ಲಟಕ್ಕೆಂದದ್ದು ಮೂರು ಸಾಲಿನಾಚೆಗೂ ಕೇಳಿಸಿತು. ಅವಳ ಕೂಗಿಗೆ ಹಿಂದಿನಿಂದ ಓಡಿಬಂದ ಹುಡುಗ, ಅವಳಂತೆಯೇ ವಿಮಾನದ ಸಿಬ್ಬಂದಿ, ‘ಸರ್’ ಎನ್ನುವಷ್ಟರಲ್ಲಿ ಪ್ರೇಮ್‌ಕುಮಾರನ ಹಣೆ ಅವನ ಮೂಗಿಗೆ ಬಡಿದಿತ್ತು. ಬಿಳಿ ಅಂಗಿಯ ಮೇಲೆ ರಕ್ತ ಧಾರೆಗಟ್ಟಿತು. ಆ ಹುಡುಗ ಬಿದ್ದ ಮೇಲೂ ಪ್ರೇಮ್‌ಕುಮಾರ ಒದ್ದ. ಟ್ರಾಲಿ ಉರುಳಿತು, ಟೊಮೇಟೊ ರಸದ ಡಬ್ಬಿ ಒಡೆದು ರಕ್ತದೊಂದಿಗೆ ಬೆರೆಯಿತು, ಮಕ್ಕಳು ಚೀರಿದವು. ಅವನು ಪೈಲಟ್ಟಿನ ಬಾಗಿಲಿನ ಕಡೆ ನುಗ್ಗಿದ. ಅಡ್ಡ ಬಂದವರ ಮುಖ ಯಾವುದು ಎದೆ ಯಾವುದು ಎಂದು ನೋಡದೆ ಗುದ್ದಿದ. ಕೊನೆಗೆ ನಾಲ್ಕಾರು ಗಂಡಸರು ಸೇರಿ ಕೆಡವಿದರು. ಒಬ್ಬ ಬೆನ್ನಿನ ಮೇಲೆ ಕೂತ, ಒಬ್ಬ ಕುತ್ತಿಗೆಗೆ ಮೊಣಕಾಲು ಕೊಟ್ಟ. ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಎರಡೂ ಕೈಗಳನ್ನು ಹಿಂದಕ್ಕೆ ಬಿಗಿದು, ಕಟ್ಟಕಡೆಯ ಸಾಲಿನ ಸೀಟಿಗೆ ಬೆಲ್ಟಿನಿಂದ ಕಟ್ಟಿ, ಫೋನು ಕಿತ್ತುಕೊಂಡು ಹೋದರು.

ತುಟಿ ಒಡೆದು ಬಾಯ ತುಂಬ ರಕ್ತದ ರುಚಿ. ಆ ರುಚಿ ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ದೊಡ್ಡಮುನಿಯಪ್ಪ ಎತ್ತಿಗೆ ಹೊಡೆಯುವ ಬಾರುಕೋಲಿನಲ್ಲೇ ಮಗನಿಗೂ ಹೊಡೆಯುತ್ತಿದ್ದ. ಒಂದು ಸಂಜೆ ಯಾವುದೋ ಸಣ್ಣ ತಪ್ಪಿಗೆ ಹುಡುಗನನ್ನು ಹಿತ್ತಿಲಿಗೆ ಎಳೆದು ಬಾರುಕೋಲು ಎತ್ತಿದಾಗ, ಹುಲ್ಲಿನ ಹೊರೆ ಇಳಿಸುತ್ತಿದ್ದ ಪಿಳ್ಳಪ್ಪ ಓಡಿಬಂದು ನಡುವೆ ಬಲಗೈ ಒಡ್ಡಿದ್ದ. ಚರ್ಮ ಸೀಳಿ ಮೂಳೆ ಕಂಡಿತ್ತು. “ಹೊಡೀಬೇಡಿ ಭಾವ, ಮಗು,” ಎಂದಿದ್ದ ಅಷ್ಟೇ. ಆ ಗಾಯದ ಗುರುತು ಈಗಲೂ ಮಾವನ ಬಲಗೈಯ ಮೇಲಿದೆ. ಮನೆಯಲ್ಲಿ ಯಾರಿಗೆ ಏಟು ಬೀಳುವುದಿದ್ದರೂ ಮಾವ ನಡುವೆ ಬಂದು ನಿಲ್ಲುವುದು, ಏಟು ತನ್ನ ಮೇಲೆ ಹಾಕಿಕೊಳ್ಳುವುದು. ಈ ಸಲವೂ ಅದನ್ನೇ ಮಾಡಿದ್ದ. ಅಪ್ಪನಿಗೆ ಬೀಳಬೇಕಾದದ್ದನ್ನು ತನ್ನ ತಲೆಗೆ ಹಾಕಿಕೊಂಡಿದ್ದ.

ಅದು ನೆನಪಾಗಿ ಪ್ರೇಮ್‌ಕುಮಾರ ಎತ್ತು ಹೂಂಕರಿಸಿದಂತೆ ಒಂದು ಸದ್ದು ಮಾಡಿದ. ಕಟ್ಟಿದ ಕೈಗಳನ್ನು ಜಗ್ಗಿದ. ಪಟ್ಟಿ ಚರ್ಮದೊಳಗೆ ಇಳಿಯಿತೇ ಹೊರತು ಸಡಿಲಾಗಲಿಲ್ಲ. ನಡುದಾರಿಯ ಆಚೆ ಕೂತು ಮಣಿಕಟ್ಟಿಗೆ ಐಸಿನ ಚೀಲ ಹಿಡಿದುಕೊಂಡಿದ್ದ ನಾಜಿಶ್ ಬೆಚ್ಚಿ ಹಿಂದೆ ಸರಿದಳು. ಕಿಟಕಿಯಲ್ಲಿ ಬಿಸಿಲು ಹಳದಿಯಾಗುತ್ತಿತ್ತು. ಅವನನ್ನು ಕಟ್ಟಿ ಕೂರಿಸಿ ಬಹಳ ಹೊತ್ತಾಗಿತ್ತು, ನೀಲಿ ಮುಗಿದು ಹಸಿರು ಬಂದಿತ್ತು. ಸಂಜೆಯ ಹಾಲು ಕರೆಯುವ ಮುಂಚೆ ಮಾವ ಕುಡುಗೋಲು ಹಿಡಿದು ಹೊರಡುವ ಹೊತ್ತು ಇದೇ.

“ಮೇಡಂ,” ಎಂದ. ಮತ್ತೆ ಕೂಗಿದ. “ಮೇಡಂ! ನಮ್ ಮಾವನ್ ಕೈ ಮುರೀತಾರೆ. ಬಾಣಸವಾಡಿ ಸ್ಟೇಷನ್ ಹಿಂದೆ, ಹಳಿ ಪಕ್ಕ ಹುಲ್ ಕೊಯ್ತಿರ್ತಾರೆ. ಪಿಳ್ಳಪ್ಪ ಅಂತ. ನಾನೇ ಹೇಳಿದ್ದು, ಮೇಡಂ. ನಾನೇ ಕಳಿಸಿರೋದು ಜನಾನ. ನಂದೇ ಹೆಸರು ಹೇಳಿ. ಪ್ರೇಮ್‌ಕುಮಾರ್ ಕಳಿಸಿದಾನೆ ಅಂತ ಹೇಳಿ ಪೊಲೀಸಿಗೆ.”

ವಿಮಾನದ ಹಿಂಭಾಗ ಪೂರ್ತಿ ಅವನ ಕಡೆ ತಿರುಗಿತು. ಕನ್ನಡ ಬಾರದವರಿಗೂ ಪೊಲೀಸು ಎನ್ನುವುದು ಅರ್ಥವಾಗಿತ್ತು. ನಾಜಿಶ್ ಅವನನ್ನು ಒಂದು ಕ್ಷಣ ನೋಡಿದಳು. ಅವಳ ಕಣ್ಣಲ್ಲಿ ಭಯಕ್ಕಿಂತ ಹೆಚ್ಚಾಗಿ ಅಸಹ್ಯವಿತ್ತು. ಐಸಿನ ಚೀಲ ಸೀಟಿನ ಮೇಲೆ ಎಸೆದು, ಊದಿದ ಕೈಯನ್ನು ಎದೆಗವಚಿಕೊಂಡು, ಅವಳು ಪೈಲಟ್ಟಿನ ಬಾಗಿಲಿನ ಕಡೆ ಓಡಿದಳು.

ಇಳಿದ ಮೇಲೆ ಪೊಲೀಸರು ಅವನನ್ನು ಎಲ್ಲರಿಗಿಂತ ಮೊದಲು ಇಳಿಸಿಕೊಂಡರು. ದಾರಿಯುದ್ದಕ್ಕೂ ಅವನು ಕೇಳಿದ್ದು ಒಂದೇ ಪ್ರಶ್ನೆ, ಸಬ್ ಇನ್‌ಸ್ಪೆಕ್ಟರು ಉತ್ತರ ಕೊಟ್ಟಿದ್ದು ಠಾಣೆ ತಲುಪಿದ ಮೇಲೆ.

“ಬದುಕಿದಾರೆ. ನಮ್ ಜೀಪು ಹೋಗೋಷ್ಟರಲ್ಲಿ ಕೈ ಜಜ್ಜಿ ಹಾಕಿದ್ರು, ತಲೆಗೆ ಏನೂ ಆಗಿಲ್ಲ. ಇನ್ನೂ ಸ್ವಲ್ಪ ಮುಂಚೆ ಮೆಸೇಜ್ ಬಂದಿದ್ರೆ ನಿಮ್ ಮಾವನ್ನ ಮನೆ ಬಾಗ್ಲಲ್ಲೇ ತಡೀತಿದ್ವಿ. ವಿಮಾನದಲ್ಲಿ ಅಷ್ಟ್ ಹೊತ್ತು ಏನ್ ಮಾಡ್ತಿದ್ದೆ ನೀನು?”

ಪ್ರೇಮ್‌ಕುಮಾರ ಗೋಡೆಗೆ ತಲೆ ಚಚ್ಚಿಕೊಂಡ. ಇಬ್ಬರು ಕಾನ್‌ಸ್ಟೇಬಲ್‌ಗಳು ಹಿಡಿಯುವವರೆಗೆ ಚಚ್ಚಿಕೊಂಡ.

ಲೋಕಿಯನ್ನೂ ಅಲ್ಲೇ ತಂದು ಕೂಡಿದ್ದರು. ಅವನ ಪ್ಯಾಂಟಿನ ಮೇಲೆ ಒಣಗಿದ ರಕ್ತವಿತ್ತು. ಅಣ್ಣನನ್ನು ನೋಡಿದವನೇ ಮೊಣಕಾಲಿನ ನಡುವೆ ತಲೆ ಹುದುಗಿಸಿ ಅಳತೊಡಗಿದ.

“ಮಾವ ಓಡ್ಲಿಲ್ಲ ಅಣ್ಣ. ಕೈಯಲ್ಲಿ ಕುಡುಗೋಲಿತ್ತು, ಬೀಸಿದ್ರೆ ನಮ್ಮಲ್ಲಿ ಒಬ್ನಾದ್ರೂ ಹೋಗ್ತಿದ್ದ. ‘ಪ್ರೇಮ ಕಳಿಸಿದ್ನಾ?’ ಅಂದ್ರು. ಹೂಂ ಅಂದೆ. ಕುಡುಗೋಲು ಕೆಳಗಿಟ್ರು. ಹಂಸಕ್ಕನ್ನ ಹೊಡೆದಿದ್ದು ನೀವೇನಾ ಅಂತ ಇನ್ನೊಂದ್ ಸಲ ಕೇಳ್ದೆ ಅಣ್ಣ, ನಂಗೆ ಕೈ ಬರ್ತಿರ್ಲಿಲ್ಲ. ನಾನೇ ಅಂದ್ರು. ಆಗ್ಲೂ ಫೋನ್ ನೋಡ್ದೆ. ಮಾವ ಅಲ್ವಾ, ಅಣ್ಣ ಬೇಡ ಅಂದೇ ಅಂತಾನೆ ಅಂತ ನಿಂತೇ ಇದ್ವಿ. ನೀನು ಸುಮ್ನಿದ್ದೆ.”

“ಆಮೇಲೆ?”

“ಮಾವನ್ ಕೈ ಹಳಿ ಮೇಲೆ ಇಡ್ಸಿ ಹೊಡೆದ್ವಿ. ರಾಡ್ ನಾನೇ ಹಿಡ್ದಿದ್ದು.” ಲೋಕಿ ಮೂಗು ಒರೆಸಿಕೊಂಡ. “ಜೀಪಲ್ಲಿ ಕೂತ್ಮೇಲೆ ಬಂತಣ್ಣ ನಿನ್ ಮೆಸೇಜು. ಎರಡೂ ಒಟ್ಟಿಗೆ ಬಂದ್ವು.”

ಪ್ರೇಮ್‌ಕುಮಾರ ಲೋಕಿಯ ಮೇಲೆ ಕೈ ಎತ್ತಲಿಲ್ಲ. ಹುಟ್ಟಿದಾಗಿನಿಂದ ಅವನಿಗೆ ಹೊಡೆಯಬೇಕೆನಿಸಿದವನು ಎದುರಿಗಿದ್ದೂ ಹೊಡೆಯದೆ ಬಿಟ್ಟದ್ದು ಅದೇ ಮೊದಲು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವನಿಗೆ ಹೊಡೆಯುವುದಾದರೂ ಹೇಗೆ?

ಜಾಮೀನಿನ ಮೇಲೆ ಹೊರಬಂದ ದಿನ ಅವನು ನೆಟ್ಟಗೆ ಹಲಸೂರಿನ ಆಸ್ಪತ್ರೆಗೆ ಹೋದ. ಪಿಳ್ಳಪ್ಪನಿಗೆ ಎರಡನೆಯ ಆಪರೇಷನ್ ಆಗಿತ್ತು. ಬಲಗೈ ಮಣಿಕಟ್ಟಿನಿಂದ ಕೆಳಗೆ ಉಳಿದಿರಲಿಲ್ಲ. ಮೊಣಕೈವರೆಗೂ ಬಿಳಿ ಬ್ಯಾಂಡೇಜು, ಅದರ ತುದಿಯಲ್ಲಿ ನಸು ಕೆಂಪು. ಮಂಚದ ಪಕ್ಕ ತಲೆಗೆ ಪಟ್ಟಿ ಕಟ್ಟಿಕೊಂಡ ಹಂಸ ಕೂತು ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ಅಣ್ಣ ಒಳಗೆ ಬಂದದ್ದು ಕಂಡರೂ ತಿರುಗಿ ನೋಡಲಿಲ್ಲ. ಆಂಜನಮ್ಮ ನೆಲದ ಮೇಲೆ ಕೂತಿದ್ದಳು. ಬಾಗಿಲ ಪಕ್ಕದ ಕುರ್ಚಿಯಲ್ಲಿ ದೊಡ್ಡಮುನಿಯಪ್ಪ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಅವನ ಜೊತೆ ಇಂದಿರಾನಗರದ ವಕೀಲರೊಬ್ಬರು ಫೈಲು ಹಿಡಿದು ನಿಂತಿದ್ದರು. ಕರೆಸಿದ್ದು ದೊಡ್ಡಮುನಿಯಪ್ಪನೇ.

ಪ್ರೇಮ್‌ಕುಮಾರ ಮಂಚದ ಹತ್ತಿರ ಹೋಗಿ ಮಾವನ ಕಾಲ ಬಳಿ ನಿಂತ. ಕ್ಷಮಿಸು ಎನ್ನಲು ಬಂದಿದ್ದ. ಪಿಳ್ಳಪ್ಪ ಅವನ ಒಡೆದ ಹಣೆ ನೋಡಿದ.

“ನಿಂಗೇನಾಯ್ತೋ ಹಣೆಗೆ?” ಎಂದ.

ವಕೀಲರು ಗಂಟಲು ಸರಿಮಾಡಿಕೊಂಡರು. “ಪ್ರೇಮ್‌ಕುಮಾರ್, ಒಂದು ವಿಷಯ. ಇಂಟರ್ನೆಟ್ ಎಲ್ಲಿಯವರೆಗೆ ಬರತ್ತೆ, ಎಲ್ಲಿ ಬರಲ್ಲ ಅಂತ ಆ ವಿಮಾನದೋರು ಸರಿಯಾಗಿ ತಿಳಿಸಿಲ್ಲ. ಅವ್ರ ಮೇಲೆ ಆಗ್ಲೇ ಸುಮಾರು ಜನ ಗ್ರಾಹಕರ ಕೋರ್ಟಿಗೆ ಹೋಗಿದಾರೆ. ನಾವೂ ಒಂದು ದೂರು ಹಾಕೋಣ. ನೀವು ತಡೆಯೋಕೆ ಮೆಸೇಜ್ ಕಳಿಸಿದ್ರಿ, ಅವರ ತಪ್ಪಿನಿಂದ ಅದು ಹೋಗ್ಲಿಲ್ಲ, ಅದಕ್ಕೇ ಈ ಅನಾಹುತ ಆಯ್ತು ಅಂತ. ನಿಮ್ಮ ಕೇಸಿಗೂ ಅನುಕೂಲ ಆಗತ್ತೆ.”

“ಹಂಗೇ ಬರೀರಿ ಸ್ವಾಮಿ,” ಎಂದ ದೊಡ್ಡಮುನಿಯಪ್ಪ. “ನಮ್ ಮನೇಲಿ ಯಾರ್ದೂ ತಪ್ಪಿಲ್ಲ. ಏನೋ ಹೆಣ್ಮಗು ಮೊಂಡು ಹಿಡೀತು, ಒಂದು ಮಾತು ಬಂತು, ಹೋಯ್ತು. ಎಲ್ಲಾ ಆ ಏರೋಪ್ಲೇನ್ ನನ್ಮಕ್ಳದ್ದು.”

ಮಂಚದ ಪಕ್ಕದ ಮೇಜಿನ ಮೇಲೆ ನೀರು ತುಂಬಿದ ಸ್ಟೀಲಿನ ಚೊಂಬಿತ್ತು. ಅದು ಪ್ರೇಮ್‌ಕುಮಾರನ ಕೈಗೆ ಬಂದದ್ದು ಅವನಿಗೇ ತಿಳಿಯಲಿಲ್ಲ. ಎಡಗೈಯಿಂದ ಅಪ್ಪನ ಅಂಗಿಯ ಕತ್ತಿನಪಟ್ಟಿ ಹಿಡಿದು ಕುರ್ಚಿಯಿಂದ ಎತ್ತಿ ಮಂಚದ ಕಬ್ಬಿಣಕ್ಕೆ ಅಪ್ಪಳಿಸಿದ. ಕುರ್ಚಿ ಉರುಳಿತು, ವಕೀಲರು ಹೊರಗೆ ಜಿಗಿದರು, ಆಂಜನಮ್ಮ ಬಾಯಿ ಬಾಯಿ ಬಡಿದುಕೊಂಡಳು. ಮುದುಕನ ಬೋಳುತಲೆಯ ಮೇಲೆ ಚೊಂಬು ಎತ್ತಿ ಹಿಡಿದ. ನೀರು ಅವನ ತೋಳಿನ ಮೇಲೇ ಸುರಿಯಿತು. ಇಷ್ಟು ವರ್ಷದ ಬಾರುಕೋಲು, ಹಂಸಳ ಹೊಲಿಗೆ, ಮಾವನ ಕೈ, ಎಲ್ಲವನ್ನೂ ಒಂದೇ ಏಟಿನಲ್ಲಿ ತೀರಿಸಿಬಿಡುವಷ್ಟು ಸಿಟ್ಟು ಆ ಕೈಯಲ್ಲಿತ್ತು.

ಆಗ ಅವನ ಕಣ್ಣೆದುರು ಬಿಳಿಯದೊಂದು ಅಡ್ಡ ಬಂತು. ಪಿಳ್ಳಪ್ಪ ಮಂಚದಿಂದ ಅರ್ಧ ಎದ್ದು, ಹಲ್ಲು ಕಚ್ಚಿ, ಬಲಗೈಯನ್ನು ದೊಡ್ಡಮುನಿಯಪ್ಪನ ತಲೆಯ ಮೇಲೆ ಒಡ್ಡಿದ್ದ. ಅಂಗೈಯಿಲ್ಲದ ಕೈ. ಬ್ಯಾಂಡೇಜಿನ ತುದಿಯ ಕೆಂಪು ನೋಡನೋಡುತ್ತ ದೊಡ್ಡದಾಯಿತು. ಮತ್ತೆ ಮೇಲೇಳಬಾರದು ಎಂದು ಪ್ರೇಮ್‌ಕುಮಾರ ಹೇಳಿ ಕಳಿಸಿದ್ದ ಕೈ ಎದ್ದಿತ್ತು.

“ಬೇಡ ಕಣೋ ಪ್ರೇಮಾ,” ಎಂದ ಮಾವ. “ಬೇಡ.”

ಚೊಂಬು ಹಿಡಿದ ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ಬಂತು. ಹಂಸ ಎದ್ದು ಗಂಡನನ್ನು ಮಲಗಿಸಿ, ಅಣ್ಣನ ಕೈಯಿಂದ ಚೊಂಬು ಕಿತ್ತುಕೊಂಡು, ಅದನ್ನು ತನ್ನ ಸೀರೆಯ ಮಡಿಲಲ್ಲಿಟ್ಟುಕೊಂಡು ಕೂತಳು. ದೊಡ್ಡಮುನಿಯಪ್ಪ ಗೋಡೆ ಹಿಡಿದು ಹೊರಗೆ ನಡೆದ. ಯಾರೂ ಅವನನ್ನು ತಡೆಯಲಿಲ್ಲ, ಯಾರೂ ಅವನ ಜೊತೆಗೂ ಹೋಗಲಿಲ್ಲ.

ನರ್ಸು ಬಂದು ಬ್ಯಾಂಡೇಜು ಬದಲಾಯಿಸಿ ಎಲ್ಲರನ್ನೂ ಬೈದು ಹೋದ ಮೇಲೆ ವಕೀಲರು ಬಾಗಿಲಲ್ಲಿ ಇಣುಕಿದರು. ಕೇಳಲೋ ಬೇಡವೋ ಎಂಬಂತೆ ಕೇಳಿದರು.

“ದೂರಿಗೆ ಏನಂತ ಬರೀಲಿ?”

ಪ್ರೇಮ್‌ಕುಮಾರ ಮಾವನ ಕಾಲ ಬಳಿ ನೆಲದ ಮೇಲೆ ಕೂತಿದ್ದ.

“ವಿಮಾನದೋರು ಮೋಸ ಮಾಡಿದ್ದು ನಿಜ ಸಾರ್,” ಎಂದ. “ಆದ್ರೆ ಆ ಹುಡುಗಿ ನನ್ ಪಕ್ಕ ಕೂತು ಕೇಳಿದ್ಲು, ಯಾರ್ದಾದ್ರೂ ಜೀವದ ಪ್ರಶ್ನೆನಾ ಅಂತ. ಇನ್ನೂ ಟೈಮಿತ್ತು. ನಾನು ಬಿಸಿನೆಸ್ ಅಂದೆ. ಬರೆಯೋದಾದ್ರೆ ಅದನ್ನ ಬರೀರಿ.”